ಬೀಡಿ ಮುಟ್ಟದ ಮಾವನ ಉಸಿರು

ನನ್ನ ಸೋದರಮಾವ ಬೀಡಿ, ಸಿಗರೇಟು ಮುಟ್ಟಿದವರಲ್ಲ. ಎಲೆಅಡಿಕೆ ಬಿಟ್ಟರೆ ಬೇರೆ ಚಟವೇ ಇಲ್ಲ. ಹಾಗಿದ್ದೂ ದೀಪಾವಳಿ ಮುಗಿದ ಮೇಲೆ ಅವರ ಉಸಿರು ಕೈಕೊಡಲು ಶುರುವಾಯಿತು. ಇದು ಮೊದಲು ಗೊತ್ತಾಗಿದ್ದು ಮುಂಬೈಯ ಮುಲುಂಡಿನ ತಾಳಮದ್ದಳೆ ಬಳಗಕ್ಕೆ. ಮಾವ ಕೃಷ್ಣನ ಅರ್ಥ ಹೇಳಲು ಕೂತರೆ ಎದುರಿನ ಕೌರವನಿಗೆ ಬಾಯಿ ಹಾಕಲು ಸಂದು ಸಿಗುತ್ತಿರಲಿಲ್ಲ. ಅಂಥವರು ಅರ್ಧ ಮಾತಿಗೇ ನಿಲ್ಲಿಸಿ, ನೀರು ಕುಡಿದು, ಮತ್ತೆ ಎತ್ತಿಕೊಳ್ಳತೊಡಗಿದರು. ಆಮೇಲೆ ಗಂಟಲು ಸರಿ ಇಲ್ಲ ಅಂತ ಹೋಗುವುದನ್ನೇ ಬಿಟ್ಟರು. ಭಾನುವಾರ ಮನೆಯಲ್ಲಿ ಸುಮ್ನೆ ಕೂತಿರುತ್ತಿದ್ದರು. ಕೆಮ್ಮಿಗಿಂತ ಆ ಮೌನಕ್ಕೇ ಅತ್ತೆ ಜಾಸ್ತಿ ಹೆದರಿದ್ದರು.

ಜನವರಿಯ ಒಂದು ಬೆಳಿಗ್ಗೆ ಪರೇಲಿನ ಆಸ್ಪತ್ರೆಗೆ ಕರೆದುಕೊಂಡು ಹೊರಟೆ. ಸ್ಲೋ ಲೋಕಲ್‌ನಲ್ಲಿ ಹೇಗೋ ಕಿಟಕಿ ಸೀಟು ಸಿಕ್ಕಿತು. ಭಾಂಡುಪ್ ದಾಟಿದರೂ, ವಿಕ್ರೋಲಿ ದಾಟಿದರೂ ಹೊಸ ಟವರುಗಳ ಮೇಲಿನ ಮಹಡಿಗಳೇ ಕಾಣುತ್ತಿರಲಿಲ್ಲ.

"ಎಂತಾ ಮಂಜ್ ಮಾರಾಯ, ನಮ್ಮೂರಂಗೇ ಇತ್ತಲ್ದಾ" ಅಂದರು ಮಾವ.

ಮಂಜಾಗಿದ್ದರೆ ಒಳ್ಳೆಯದಿತ್ತು. ಮುಂಬೈಗೆ ಕಡಲ ಗಾಳಿಯೇ ಪೊರಕೆ. ಹಗಲು ಸಮುದ್ರದಿಂದ ಬೀಸುವ ಗಾಳಿ ಊರಿನ ಹೊಗೆ, ಧೂಳನ್ನು ಗುಡಿಸಿಕೊಂಡು ಹೋಗುತ್ತದೆ. ಚಳಿಗಾಲದಲ್ಲಿ ಅದು ತಡವಾಗಿ, ಮೆಲ್ಲಗೆ ಬರುತ್ತದೆ. ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಅಲ್ಲೇ ಕೂರುತ್ತದೆ, ಮೇಲೇಳುವುದಿಲ್ಲ. ಬೆಳಗಿನ ಜಾವಕ್ಕೆ ಎಲ್ಲ ಕೆಳಗೇ ಸೇರಿರುತ್ತದೆ. ನಮ್ಮ ಹಿರಿಯರು ಸ್ವೆಟರು ಹಾಕಿಕೊಂಡು ಗಾರ್ಡನ್ನಿಗೆ ವಾಕಿಂಗ್ ಹೋಗುವುದೂ ಆಗಲೇ!

ಧೂಳಿಗೇನು ಬರವೇ? ನಮ್ಮ ಗಲ್ಲಿಯಲ್ಲೇ ರಿಡೆವಲಪ್‌ಮೆಂಟ್ ಅಂತ ಒಂದರ ಪಕ್ಕ ಒಂದು ಹೌಸಿಂಗ್ ಸೊಸೈಟಿಯ ಕಟ್ಟಡ ಒಡೆಯುತ್ತಿದ್ದಾರೆ. 2023ರ ಅಕ್ಟೋಬರಿನಲ್ಲಿ ಗಾಳಿ ತೀರಾ ಕೆಟ್ಟಾಗ ಮಹಾನಗರಪಾಲಿಕೆ ನಿಯಮ ತಂದಿತು. ಕಟ್ಟಡ ಕೆಲಸದ ಸುತ್ತ ಎತ್ತರದ ತಗಡು ನಿಲ್ಲಿಸಬೇಕು, ನೀರು ಚಿಮುಕಿಸಬೇಕು, ಲಾರಿಗೆ ಹೊದಿಕೆ ಹಾಕಬೇಕು. ನಮ್ಮ ಪಕ್ಕದ ಬಿಲ್ಡರು ತಗಡು ನಿಲ್ಲಿಸಿದ್ದಾನೆ. ನೀರು ಮಾತ್ರ ಇನ್‌ಸ್ಪೆಕ್ಷನ್ ಇದ್ದ ದಿನ ಬರುತ್ತದೆ. ಹಾಗಾಗಿ ಮಾವನ ಉಸಿರಿನ ಮೇಲೂ ನನಗೆ ಅವನದ್ದೇ ಅನುಮಾನವಿತ್ತು.

ಆಸ್ಪತ್ರೆಯಲ್ಲಿ ಮೊದಲು ಊದುವ ಟೆಸ್ಟು, ಸ್ಪೈರೋಮೆಟ್ರಿ. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ರಟ್ಟಿನ ಕೊಳವೆ ಕೊಟ್ಟರು. ತುಂಬಾ ಉಸಿರು ಎಳೆದುಕೊಂಡು ಒಂದೇ ಸಲ ಜೋರಾಗಿ ಊದಬೇಕು, ಖಾಲಿ ಆಯ್ತು ಅನ್ನಿಸಿದ ಮೇಲೂ ಊದುತ್ತಲೇ ಇರಬೇಕು. ಟೆಕ್ನಿಶಿಯನ್ ಹುಡುಗಿ "ಔರ್, ಅಂಕಲ್, ಔರ್, ಔರ್, ಛೋಡ್ನಾ ನಹೀ" ಅಂತ ಕುಸ್ತಿ ಕಣದಲ್ಲಿ ನಿಂತವಳ ಹಾಗೆ ಕೂಗುತ್ತಿದ್ದಳು. ಮಾವನ ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಸ್ಕ್ರೀನಿನ ಗೆರೆ ಸ್ವಲ್ಪ ಏರಿ ಹಾಗೇ ಮಲಗಿತು. ಆಮೇಲೆ ಪಂಪಿನಲ್ಲಿ ಔಷಧಿ ಎಳೆಸಿ, ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಊದಿಸಿದರು. ಅಸ್ತಮಾ ಆಗಿದ್ದರೆ ಔಷಧಿಗೆ ಗೆರೆ ಸಾಮಾನ್ಯವಾಗಿ ಚೆನ್ನಾಗಿ ಮೇಲೇಳುತ್ತದೆ. ಮಾವನದ್ದು ಏಳಲಿಲ್ಲ.

ಡಾಕ್ಟರಮ್ಮ ರಿಪೋರ್ಟು ನೋಡಿ "ಎಷ್ಟು ವರ್ಷ ಸಿಗರೇಟು ಸೇದಿದಿರಿ?" ಅಂತ ಹಿಂದಿಯಲ್ಲಿ ಕೇಳಿದರು.

ಮಾವನಿಗೆ ಸಿಟ್ಟೇ ಬಂತು. ನನ್ನ ಕಡೆ ತಿರುಗಿ, "ನಾನ್ ಬೀಡಿ ಮುಟ್ದವ ಅಲ್ಲ ಅಂದ್ ಹೇಳ್ ಅವ್ರಿಗೆ" ಅಂದರು.

ಅವರು ನಕ್ಕು, ಬೇರೆ ಪ್ರಶ್ನೆ ಕೇಳಿದರು. ಕೆಲಸ ಏನು? ದಿನವಿಡೀ ಎಲ್ಲಿ ನಿಲ್ಲುತ್ತಿದ್ದಿರಿ? ರಾತ್ರಿ ಎಲ್ಲಿ ಮಲಗುತ್ತಿದ್ದಿರಿ?

ಕೊನೆಯ ಪ್ರಶ್ನೆಗೆ ಮಾವ ಬಾಯಿ ಬಿಟ್ಟರು. ಎಪ್ಪತ್ತರ ದಶಕದಲ್ಲಿ ಕುಂದಾಪುರದಿಂದ ಬಸ್ಸು ಹತ್ತಿ ಬಂದ ಹುಡುಗ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ಸಂಜೆ ಫೋರ್ಟ್‌ನ ಕನ್ನಡ ರಾತ್ರಿ ಶಾಲೆ. ಆಮೇಲೆ ಭಟ್ಟಿ ಕೆಲಸ, ದೋಸೆ ಕಾವಲಿ. ಆಗ ಉರಿಯುತ್ತಿದ್ದದ್ದು ಕಟ್ಟಿಗೆ, ಇದ್ದಿಲು. ಮುಂದೆ ಸೀಮೆಎಣ್ಣೆಯ ಪಂಪ್ ಸ್ಟವ್. ಗ್ಯಾಸ್ ಬಂದಿದ್ದು ಎಷ್ಟೋ ಕಾಲದ ಮೇಲೆ. ಮಲಗುತ್ತಿದ್ದದ್ದು ಅಡುಗೆಮನೆಯ ಮೇಲಿನ ಪೋಟ್‌ಮಾಳಾದಲ್ಲಿ, ತಲೆ ಎತ್ತಿದರೆ ಸೂರು ತಾಗುವ ಅಟ್ಟ. ಹೊಗೆ ಏರುವುದು ಮೇಲಕ್ಕೇ ಅಲ್ವಾ? ಬೆಳಿಗ್ಗೆ ಎದ್ದು ಮೂಗು ಸೀಟಿದರೆ ಕರ್ಚೀಫು ಕಪ್ಪಾಗುತ್ತಿತ್ತಂತೆ. ಸಾಲದ್ದಕ್ಕೆ ಸೊಳ್ಳೆಗೆ ಕಾಯಿಲ್.

ಕಾಯಿಲ್ ಅಂದ ಕೂಡಲೇ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಒಂದು ಕಾಯಿಲ್ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನವಕ್ಕೆ ಸಮ ಎಂದು 2003ರಲ್ಲೇ ಅಳೆದು ಹೇಳಿದ್ದಾರಂತೆ. ಸೂಕ್ಷ್ಮ ಕಣ ಅಂದರೆ ಪಿಎಂ 2.5, ಎರಡೂವರೆ ಮೈಕ್ರಾನ್‌ಗಿಂತ ಸಣ್ಣದು. ಮೂಗಿನ ಕೂದಲು ಇದನ್ನು ತಡೆಯುವುದಿಲ್ಲ. ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಹೋಗುತ್ತದೆ, ಅತಿ ಸಣ್ಣವು ರಕ್ತಕ್ಕೂ ಇಳಿಯುತ್ತವೆ. ಹಾಗಾಗಿ ಹೃದಯಾಘಾತ, ಪಾರ್ಶ್ವವಾಯುವಿನ ಲೆಕ್ಕದಲ್ಲೂ ಗಾಳಿಯ ಪಾಲಿದೆ. ಮಾವನ ಕಾಯಿಲೆಗೆ ಸಿಒಪಿಡಿ ಅಂತ ಬರೆದರು, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಸಲೀಸಾಗಿ ಹೊರಹೋಗದ ದೀರ್ಘಕಾಲದ ಕಾಯಿಲೆ. ಬೀಡಿ ಸೇದದೆಯೂ, ಒಲೆಯ ಹೊಗೆಯಿಂದಲೇ ಇದು ಬಂದವರು ನಮ್ಮ ದೇಶದಲ್ಲಿ ಬಹಳ ಮಂದಿ, ಅದರಲ್ಲೂ ಹೆಂಗಸರು.

ನಾನು ಮೊಬೈಲ್ ತೆಗೆದು ಅಂದಿನ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ ತೋರಿಸಿದೆ. 160ರ ಆಸುಪಾಸು, ಅಂದರೆ 'ಮಧ್ಯಮ'. "101 ದಾಟಿದರೇ ಇವರಂಥವರಿಗೆ ತೊಂದರೆ ಅಂತ ಸರ್ಕಾರದ ಪಟ್ಟಿಯಲ್ಲೇ ಇದೆ" ಅಂದರು ಡಾಕ್ಟರಮ್ಮ. ನಮ್ಮಲ್ಲಿ ದಿನಕ್ಕೆ ಪಿಎಂ 2.5 ಘನ ಮೀಟರಿಗೆ 60 ಮೈಕ್ರೋಗ್ರಾಂವರೆಗೆ ನಡೆಯುತ್ತದೆ, ವಿಶ್ವ ಆರೋಗ್ಯ ಸಂಸ್ಥೆ 2021ರಿಂದ 15 ಅನ್ನುತ್ತಿದೆ. ಅದಿರಲಿ. ಆ ಎಕ್ಯೂಐ ಎಲ್ಲೋ ನಿಂತ ಯಂತ್ರ ಕೊಟ್ಟ 24 ಗಂಟೆಯ ಸರಾಸರಿ. ಹೋಟೆಲಿನ ಒಳಮನೆಯಲ್ಲಿ, ಪೋಟ್‌ಮಾಳಾದಲ್ಲಿ ಯಂತ್ರ ಇಟ್ಟವರು ಯಾರು? 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು, ಕಟ್ಟಿಗೆ, ಇದ್ದಿಲಿನ ಬೇಕರಿಗಳು 6 ತಿಂಗಳೊಳಗೆ ಗ್ಯಾಸಿಗೋ ಬೇರೆ ಸ್ವಚ್ಛ ಇಂಧನಕ್ಕೋ ಬದಲಾಗಬೇಕು ಅಂದಾಗ ನಮ್ಮ ಬಿಲ್ಡಿಂಗಿನಲ್ಲಿ ನಡೆದ ಚರ್ಚೆಯೆಲ್ಲ ಪಾವಿನ ರುಚಿ, ರೇಟಿನ ಬಗ್ಗೆ. ಒಲೆ ಮುಂದೆ ನಿಂತವನ ಎದೆಯ ಮಾತು ಯಾರೂ ಎತ್ತಲಿಲ್ಲ. ನನ್ನ ಪ್ರಕಾರ ಊರಿನ ಗಾಳಿಯ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು. ಬಿಲ್ಡರಿಗೆ ಬೈಯುವುದನ್ನೂ ನಾನು ಬಿಡುವುದಿಲ್ಲ, ಅದು ಬೇರೆ.

ಔಷಧಿ ಚೀಟಿಯಲ್ಲಿ ಇನ್‌ಹೇಲರ್, ಅದರ ಬಾಯಿಗೆ ಸಿಕ್ಕಿಸುವ ಸ್ಪೇಸರ್ ಅನ್ನುವ ಕೊಳವೆ, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ. ಕಾಯಿಲ್ ಬಂದ್, ಸೊಳ್ಳೆಪರದೆ ಚಾಲೂ. ಊದುಬತ್ತಿಯೂ ಬೇಡ ಅಂದಾಗ ಮಾತ್ರ ಮಾವ ತಲೆ ಅಲ್ಲಾಡಿಸಿದರು. ಅತ್ತೆ ಈಗ ಬರೀ ಎಣ್ಣೆ ದೀಪ ಹಚ್ಚಿ, ಹೂ ಇಟ್ಟು ಪೂಜೆ ಮುಗಿಸುತ್ತಾರೆ. ಬಂಗುಡೆ ಹುರಿಯುವಾಗ ಮಾವನನ್ನು ಹೊರಗಿನ ಕೋಣೆಗೆ ಅಟ್ಟುತ್ತಾರೆ. ವಾಕಿಂಗ್ ಸಂಜೆಗೆ ಬಂತು.

ಪರೇಲ್ ಸ್ಟೇಷನ್ನಿನ ಬೆಂಚಿನಲ್ಲಿ ಕೂತೇ ಮಾವ ತಮ್ಮ ಹೋಟೆಲಿಗೆ ಫೋನ್ ಹಚ್ಚಿದರು. ಈಗ ಅದನ್ನು ನೋಡಿಕೊಳ್ಳುವವನು ಅವರ ತಮ್ಮನ ಮಗ. "ಇವತ್ತಿಂದ ಮಾಣಿಗಳನ್ನ ಮೇಲ್ ಮನ್ಗ್ಸ್‌ಬೇಡ. ಟೇಬಲ್ ಸರ್ಸಿ ಕೆಳ್ಗೆ ಹಾಸ್ಕೊಡ್." ಅಷ್ಟು ಹೇಳಲು ಎರಡು ಸಲ ನಿಲ್ಲಿಸಿದರು. ಅವನು ಒಪ್ಪಿದ, ಹುಡುಗರು ಈಗ ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಮಲಗುತ್ತಾರೆ. ಎಕ್ಸಾಸ್ಟ್ ವಿಷಯ ಮಾತ್ರ ಜಗ್ಗುತ್ತಿದೆ. ಒಗ್ಗರಣೆ ಹೊಗೆ ಎರಡನೇ ಮಹಡಿಗೆ ಬರುತ್ತದೆ, ಡಕ್ಟನ್ನು ಟೆರೇಸಿನವರೆಗೆ ಏರಿಸಿ ಅನ್ನುತ್ತದೆ ಸೊಸೈಟಿ. ಅಷ್ಟು ಖರ್ಚು ಯಾರು ಮಾಡುವುದು ಅನ್ನುತ್ತಾನೆ ಇವನು. ಮಾವ ದಿನಾ ಮಧ್ಯಾಹ್ನ ಊಟವಾದ ಮೇಲೆ ಫೋನ್ ಮಾಡಿ ಡಕ್ಟ್ ಎಲ್ಲಿಗೆ ಬಂತು ಅಂತ ವಿಚಾರಿಸುತ್ತಾರೆ. ಈಚೆಗೆ ಅವನು ಫೋನ್ ಎತ್ತುವುದೇ ಕಡಿಮೆ.