ಬಿಲ್ ಹಿಂದಿನ ಮ್ಯಾಪ್

ಇವತ್ತು ತೀರ್ಥಹಳ್ಳಿಯ ಹೋಟೆಲಿನಲ್ಲಿ ನಮ್ಮ ನಾಳೆಯ ಪ್ಲಾನ್ ಕೇಳಿ ಕ್ಯಾಶಿಯರ್ ನಕ್ಕೇಬಿಟ್ಟರು. ಶೃಂಗೇರಿ, ಕವಲೇದುರ್ಗ, ಕುಂದಾದ್ರಿ, ಆಗುಂಬೆ. ಎಲ್ಲ ಒಂದೇ ದಿನ!

ಬಿಲ್ ತಿರುಗಿಸಿ ಪೆನ್ನಿನಲ್ಲಿ ಗೆರೆ ಎಳೆದರು. ಬೆಳಿಗ್ಗೆಯೇ ಕುಂದಾದ್ರಿ. ಕಾರು ಮೇಲಿನ ತನಕ ಹೋಗುತ್ತದೆ, ಬಸದಿ ಪಕ್ಕದ ಕೊಳದ ಹತ್ತಿರ ಸುಮ್ನೆ ಕೂತ್ಕೊಳ್ಳಿ ಅಂದರು. ಸಂಜೆಗೆ ಆಗುಂಬೆ. ಘಾಟಿಯ 14 ತಿರುವುಗಳಿಗೆ ಅವರು ಬರೆದದ್ದು ಥೇಟ್ ಜಿಲೇಬಿ! ಸೋಮೇಶ್ವರದ ತನಕ ಇಳಿದು ಮತ್ತೆ ಹತ್ತಬೇಕಂತೆ. ಇಳಿಯುವಾಗ ಕಂಡ ಕಾಡೇ ಬೇರೆ, ಹತ್ತುವಾಗ ಕಾಣುವುದೇ ಬೇರೆಯಂತೆ.

ಕಿಲೋಮೀಟರ್ ಎಲ್ಲೂ ಬರೆದಿರಲಿಲ್ಲ. ಮೂಲೆಯಲ್ಲಿ ಮಾತ್ರ, 'ಮಂಜು ಜಾಸ್ತಿ ಬಂದ್ರೆ ನಿಲ್ಲಿಸಿ'.

ಟ್ರಿಪ್ ಅಂದರೆ ಜಾಗಗಳ ಲೆಕ್ಕ ಆಗಿಬಿಟ್ಟಿದೆ. ನಿಲ್ಲೋಕೆ ಅಂತ ಯಾರೂ ಹೊತ್ತು ಇಡುವುದಿಲ್ಲ, ಅಲ್ವಾ?

ಶೃಂಗೇರಿ, ಕವಲೇದುರ್ಗ ಮುಂದಿನ ಸಲಕ್ಕೆ. ಗೆಳೆಯ ಇನ್ನೂ ಗೊಣಗುತ್ತಿದ್ದಾನೆ.