ಬಿಸಿಲಿಗೆ ನಿಲ್ಲುತ್ತಿದ್ದ ಎಂಜಿನ್ ಮತ್ತು ಫ್ಯೂಯೆಲ್ ಪಂಪಿನ ರಿಲೇ

ತುಮಕೂರಿನಿಂದ ಕೊರಟಗೆರೆಯ ಮೇಲೆ ಮಧುಗಿರಿಗೆ ಹೋಗುವ ರಸ್ತೆಯಲ್ಲಿ, ಕಳೆದ ಬೇಸಿಗೆಯಲ್ಲಿ, ನಮ್ಮ ಹಳೆಯ ಪೆಟ್ರೋಲ್ ಕಾರು ಮೂರು ಸಲ ಓಡುತ್ತಿರುವಾಗಲೇ ನಿಂತಿತು. ಮೂರೂ ಸಲ ಹೊರಟು ಮುಕ್ಕಾಲು ಗಂಟೆಯಾಗಿತ್ತು. ಎಂಜಿನ್ ಒಂದೆರಡು ಬಾರಿ ಜಗ್ಗಿ ನಿಲ್ಲುತ್ತಿತ್ತು. ಬಾನೆಟ್ ಎತ್ತಿ ಹುಣಸೆಮರದ ನೆರಳಿನಲ್ಲಿ ಇಪ್ಪತ್ತು ನಿಮಿಷ ಕಾದರೆ ಏನೂ ಆಗಿರಲೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಮೂರನೆಯ ಸಲ ಹಿಂದೆ ಲಾರಿಯೊಂದು ಬರುತ್ತಿತ್ತು. ಎಂಜಿನ್ ನಿಂತೊಡನೆ ಸ್ಟಿಯರಿಂಗ್ ಭಾರವಾಗುತ್ತದೆ, ಬ್ರೇಕಿಗೆ ಬೂಸ್ಟರಿನ ನೆರವು ಒಂದೆರಡು ಒತ್ತಿಗಷ್ಟೇ ಉಳಿದಿರುತ್ತದೆ. ಆದ್ದರಿಂದ ಇದನ್ನು ಮುಂದೂಡಬಾರದೆಂದು ಅಂದೇ ನಿಶ್ಚಯಿಸಿದೆ.

ಗ್ಯಾರೇಜಿನಲ್ಲಿ ಗಾಡಿ ಒಮ್ಮೆಯೂ ನಿಲ್ಲಲಿಲ್ಲ. ಸ್ಕ್ಯಾನರಿನಲ್ಲಿ ದೋಷ ಸೂಚಿಸುವ ಯಾವ ಕೋಡೂ ಇರಲಿಲ್ಲ. "ಸಾರ್, ಪಂಪೇ ವೀಕಾಗೈತೆ, ಬದ್ಲಾಯ್ಸಿಬಿಡೋಣ" ಎಂದರು ಮೆಕ್ಯಾನಿಕ್. ಅದು ಸಾವಿರಾರು ರೂಪಾಯಿಯ ಮಾತು, ಮೇಲಾಗಿ ಊಹೆಯ ಮಾತು. ಬಂದು ಹೋಗುವ ದೋಷವನ್ನು ಅದು ಇರುವಾಗಲೇ ಹಿಡಿಯಬೇಕು. ತಣ್ಣಗಿರುವ ಗಾಡಿಯನ್ನು ಎಷ್ಟು ಪರೀಕ್ಷಿಸಿದರೂ ಅದು ಆರೋಗ್ಯವಾಗಿಯೇ ಕಾಣುತ್ತದೆ.

ಮುಂದಿನ ಸಲ ನಿಂತಾಗ ಅಕ್ಕನ ಮಗ ಜೊತೆಗಿದ್ದ. ಸೆಲ್ಫ್ ಚುರುಕಾಗಿ ತಿರುಗುತ್ತಿತ್ತು, ಆದ್ದರಿಂದ ಬ್ಯಾಟರಿಯ ಮೇಲೆ ಅನುಮಾನವಿರಲಿಲ್ಲ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪ ಮೇಲೇಳುತ್ತಿತ್ತು, ಅಂದರೆ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಸಂಕೇತ ಕೊಡುತ್ತಿರುವ ಸಾಧ್ಯತೆಯೇ ಹೆಚ್ಚು. ಆದರೆ ಕೀ ತಿರುಗಿಸಿದೊಡನೆ ಹಿಂದಿನ ಸೀಟಿನಡಿಯಿಂದ ಎರಡು ಸೆಕೆಂಡು ಕೇಳಬೇಕಾದ ಪಂಪಿನ ಗುಂಯ್‌ಗುಟ್ಟುವಿಕೆ ಇರಲಿಲ್ಲ. ಫ್ಯೂಸ್ ಬಾಕ್ಸಿನಲ್ಲಿ ಪಂಪಿನ ರಿಲೇಯ (ಅಲ್ಪ ಕರೆಂಟಿನಿಂದ ಪಂಪಿನ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚಿನ) ಮೇಲೆ ಬೆರಳಿಟ್ಟರೆ 'ಟಿಕ್' ಎನ್ನುವುದು ತಿಳಿಯುತ್ತಿತ್ತು, ಆದರೆ ಅದು ಬೆರಳನ್ನು ಹೆಚ್ಚು ಹೊತ್ತು ಇಡಲಾಗದಷ್ಟು ಬಿಸಿಯಾಗಿತ್ತು. ಹಾರನ್ನಿನ ರಿಲೇ ಅದೇ ಮಾದರಿಯದಾಗಿದ್ದುದರಿಂದ ಅದನ್ನು ಕಿತ್ತು ಇಲ್ಲಿ ಹಾಕಿದೆವು. ಎಂಜಿನ್ ಆ ಕ್ಷಣವೇ ಹತ್ತಿಕೊಂಡಿತು.

ಇಷ್ಟಕ್ಕೆ ತೃಪ್ತನಾಗದೆ ಮನೆಯಲ್ಲಿ ಹಳೆಯ ರಿಲೇಯನ್ನು ಅಳೆದೆ. ಇದಕ್ಕೆ ನಾಲ್ಕು ಕಾಲುಗಳು: 85 ಮತ್ತು 86 ಕಾಯಿಲ್ಲಿನವು (ಕರೆಂಟ್ ಹರಿದಾಗ ಆಯಸ್ಕಾಂತವಾಗಿ ಸ್ವಿಚ್ಚನ್ನು ಸೇರಿಸುವ ಸುರುಳಿ), 30ಕ್ಕೆ ಬ್ಯಾಟರಿಯ ವಿದ್ಯುತ್ತು, 87ರಿಂದ ಪಂಪಿಗೆ. ಕಾಯಿಲ್ 80 ಓಮ್ ತೋರಿಸಿತು, ಅದು ಸರಿಯೇ. ಕಾಯಿಲ್ಲಿಗೆ 12 ವೋಲ್ಟ್ ಕೊಟ್ಟಾಗ 30 ಮತ್ತು 87ರ ನಡುವಿನ ಓಮ್ ಲೆಕ್ಕವೂ ತಕರಾರಿಲ್ಲದಂತಿತ್ತು. ಮೀಟರು ಹರಿಸುವ ಅತ್ಯಲ್ಪ ಕರೆಂಟಿಗೆ ಸುಟ್ಟ ಕಾಂಟ್ಯಾಕ್ಟ್ (ರಿಲೇಯೊಳಗೆ ಒಂದಕ್ಕೊಂದು ತಾಗಿ ಕರೆಂಟ್ ಹಾಯಿಸುವ ತುದಿಗಳು) ಕೂಡ ದಾರಿ ಬಿಡುತ್ತದೆ. ಅನೇಕರು ಮೋಸಹೋಗುವುದು ಇಲ್ಲಿಯೇ. ಹಾಗಾಗಿ 30 ಮತ್ತು 87ರ ಕಾಲುಗಳಿಗೆ ತೆಳು ತಂತಿಗಳನ್ನು ಸೇರಿಸಿ (ಪ್ರತಿಯೊಂದಕ್ಕೂ ಚಿಕ್ಕ ಫ್ಯೂಸ್ ಇರಲೇಬೇಕು, ಏಕೆಂದರೆ 30 ನೇರ ಬ್ಯಾಟರಿಯಿಂದ ಬರುತ್ತದೆ), ರಿಲೇಯನ್ನು ಸಾಕೆಟ್ಟಿನಲ್ಲಿ ಕೂರಿಸಿ, ಮಲ್ಟಿಮೀಟರನ್ನು ಅಕ್ಕನ ಮಗನ ತೊಡೆಯ ಮೇಲಿಟ್ಟು ಕೊರಟಗೆರೆಯ ಕಡೆಗೆ ಹೊರಟೆವು. ಆರಂಭದಲ್ಲಿ ರಿಲೇಯನ್ನು ದಾಟುವಾಗ 0.3 ವೋಲ್ಟ್ ನಷ್ಟವಾಗುತ್ತಿತ್ತು. ಅರ್ಧ ಗಂಟೆಯ ಹೊತ್ತಿಗೆ ಅದು 2 ವೋಲ್ಟ್ ದಾಟಿತು. ಪಂಪು ಸುಮಾರು 5 ಆಂಪಿಯರ್ ಎಳೆಯುವಾಗ 2 ವೋಲ್ಟ್ ನಷ್ಟವೆಂದರೆ ಅಷ್ಟು ಚಿಕ್ಕ ಡಬ್ಬಿಯೊಳಗೆ 10 ವ್ಯಾಟ್ ಶಾಖ. ಆ ಶಾಖ ಕಾಂಟ್ಯಾಕ್ಟಿನ ತಡೆಯನ್ನು ಹೆಚ್ಚಿಸುತ್ತದೆ, ತಡೆ ಮತ್ತಷ್ಟು ಶಾಖವನ್ನು ಹುಟ್ಟಿಸುತ್ತದೆ. ಆಮೇಲೆ ಮುಚ್ಚಳ ತೆಗೆದಾಗ ಕಾಂಟ್ಯಾಕ್ಟಿನ ತುದಿಗಳು ಕರಿದಾಗಿ ಗುಳಿಬಿದ್ದಿದ್ದವು.

ರಸ್ತೆಯಲ್ಲಿ ಕೆಟ್ಟಾಗ ಕೆಲವರು 30 ಮತ್ತು 87ನ್ನು ತಂತಿಯಿಂದ ಬೆಸೆದುಬಿಡುತ್ತಾರೆ. ಅಪಘಾತವಾಗಿ ಎಂಜಿನ್ ನಿಂತರೂ ಆಗ ಪಂಪು ಪೆಟ್ರೋಲನ್ನು ಚಿಮ್ಮಿಸುತ್ತಲೇ ಇರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಪಂಪು ಅತಿಯಾಗಿ ಕರೆಂಟ್ ಎಳೆದರೂ ರಿಲೇ ಸುಡುತ್ತದೆ, ಆದ್ದರಿಂದ ಅದನ್ನೂ ಅಳೆಸಿದೆ. 5 ಆಂಪಿಯರಿನ ಆಸುಪಾಸಿನಲ್ಲೇ ಇತ್ತು. ಸಾಕೆಟ್ಟಿನೊಳಗಿನ ಸಡಿಲವಾಗಿದ್ದ ಒಂದು ತಗಡನ್ನು ಆಟೋ ಎಲೆಕ್ಟ್ರಿಷಿಯನ್ ಬಿಗಿಮಾಡಿಕೊಟ್ಟರು. ಹೊಸ ರಿಲೇ ಹಾಕಿ, ಅದೇ ತಂತಿ, ಅದೇ ಮೀಟರಿನೊಂದಿಗೆ ಮಟಮಟ ಮಧ್ಯಾಹ್ನ ಮಧುಗಿರಿಗೆ ಹೋಗಿ ಬಂದೆವು. ಅಂಕಿ 0.1 ವೋಲ್ಟ್ ದಾಟಲಿಲ್ಲ.