ಮೊಲದ ತಳಿಗಳು ಮತ್ತು ನಮ್ಮ ಅಗತ್ಯಗಳು

ಸಾಕುಮೊಲದ ತಳಿಗಳೆಲ್ಲವೂ ಯುರೋಪಿನ ಒಂದೇ ಕಾಡುಮೊಲದ ಸಂತತಿ ಎಂಬುದನ್ನು ನೆನೆದಾಗಲೆಲ್ಲ ನನಗೆ ಅಚ್ಚರಿಯಾಗುತ್ತದೆ. ಅಮೆರಿಕದಲ್ಲಿ ರೂಪುಗೊಂಡ ನ್ಯೂಜಿಲೆಂಡ್ ವೈಟ್ ಬೇಗನೆ ಮೈತುಂಬಿಕೊಳ್ಳುವುದರಿಂದ ಅದನ್ನು ಮುಖ್ಯವಾಗಿ ಮಾಂಸಕ್ಕಾಗಿ ಸಾಕುತ್ತಾರೆ. ಪ್ರಯೋಗಾಲಯಗಳಲ್ಲಿಯೂ ಅದೇ ಹೆಚ್ಚು. 1919ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡ ರೆಕ್ಸ್ ತಳಿಯಲ್ಲಿ ಹೊರಗೂದಲು ಒಳಗೂದಲಿನಷ್ಟೇ ಗಿಡ್ಡವಾಗಿರುವುದರಿಂದ ಅದರ ಮೈ ಮಖಮಲ್ಲಿನಂತಿರುತ್ತದೆ, ತುಪ್ಪಳದ ವ್ಯಾಪಾರಿಗಳಿಗೆ ಬೇಕಾದದ್ದೂ ಅದೇ.

ನನ್ನ ಮನಸ್ಸು ನಿಲ್ಲುವುದು ಮಾತ್ರ ಅಂಗೋರಾದ ಮೇಲೆ. ತಿಂಗಳಿಗೆ ಸುಮಾರು 2.5 ಸೆಂಟಿಮೀಟರ್ ಬೆಳೆಯುವ ಅದರ ಉಣ್ಣೆಯನ್ನು ಮೂರು ತಿಂಗಳಿಗೊಮ್ಮೆಯಾದರೂ ಕತ್ತರಿಸದಿದ್ದರೆ, ಕಿವಿಯ ಹಿಂದೆ ಮತ್ತು ತೊಡೆಯ ಸಂದಿಯಲ್ಲಿ ಕೂದಲು ಗಂಟುಗಟ್ಟಿ ಚರ್ಮವನ್ನು ಎಳೆಯತೊಡಗುತ್ತದೆ. ಮೈ ನೆಕ್ಕುವಾಗ ಹೊಟ್ಟೆ ಸೇರಿದ ಕೂದಲನ್ನು ಕಕ್ಕಲು ಮೊಲಕ್ಕೆ ಸಾಧ್ಯವಿಲ್ಲ. ಅದು ಕರುಳಿನ ಮೂಲಕವೇ ಸಾಗಬೇಕು, ಅದಕ್ಕಾಗಿ ಒಣಹುಲ್ಲು ಸದಾ ಎದುರಿಗಿರಬೇಕು. ನಾವು ಬಯಸಿ ಬೆಳೆಸಿದ ಗುಣವೇ ಆ ಜೀವಕ್ಕೆ ನಮ್ಮ ಕೈಯಿಲ್ಲದೆ ಹೊರಲಾಗದ ಭಾರವಾಗಿದೆ ಎಂಬುದು ನನ್ನನ್ನು ನಿಜಕ್ಕೂ ಕಲಕುತ್ತದೆ.

ಮುದ್ದಿಗಾಗಿಯೇ ಬೆಳೆಸಿದ, ಸುಮಾರು ಒಂದು ಕಿಲೋ ತೂಗುವ ನೆದರ್ಲೆಂಡ್ ಡ್ವಾರ್ಫ್ ತಳಿಯದೂ ಇಂಥದೇ ಕಥೆ: ಗುಂಡನೆಯ ಗಿಡ್ಡ ಮುಖದ ಇಂತಹ ಮೊಲಗಳಲ್ಲಿ ಜೀವನಪೂರ್ತಿ ಬೆಳೆಯುವ ಹಲ್ಲುಗಳು ಹಲವೊಮ್ಮೆ ಒಂದಕ್ಕೊಂದು ಸರಿಯಾಗಿ ಕೂಡದೆ, ಸವೆಯದೆ ಉಳಿದುಬಿಡುತ್ತವೆ.